ಅಡಿಗೆಮನೆಯೂ ಚರಿತ್ರೆಯೇ

ಸೌಟು, ಬಾಣಲೆ, ಹೆರೆಮಣೆಗಳಿಗೆ ವಸ್ತು ಸಂಗ್ರಹಾಲಯದಲ್ಲೇನು ಕೆಲಸ ಎಂದು ಕೇಳುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅರಸರ ಖಡ್ಗ, ದೇವಾಲಯದ ಶಿಲ್ಪ, ಹಳೆಯ ನಾಣ್ಯ ಇಷ್ಟೇ ಚರಿತ್ರೆಯೆಂದು ಶಾಲೆಯಲ್ಲಿ ಕಲಿತು ಬಂದವರು ನಾವು. ಆದರೆ ಅಮೇರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ, ಸ್ಮಿತ್‌ಸೋನಿಯನ್ ಸಂಸ್ಥೆಗೆ ಸೇರಿದ ರಾಷ್ಟ್ರೀಯ ಚರಿತ್ರೆಯ ಸಂಗ್ರಹಾಲಯದವರು 2002ರಲ್ಲಿ ಒಂದು ಅಡಿಗೆಮನೆಯನ್ನೇ ಜನರ ಮುಂದೆ ತೆರೆದಿಟ್ಟರು. ಅದು ಜೂಲಿಯಾ ಚೈಲ್ಡ್ ಎಂಬಾಕೆಯ ಅಡಿಗೆಮನೆ.

ಈಕೆ 1912ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರಕಾರದ ಗುಪ್ತವಾರ್ತಾ ಇಲಾಖೆಯ ಕಡತಗಳನ್ನು ನೋಡಿಕೊಳ್ಳುತ್ತ ಸಿಂಹಳದ ಕ್ಯಾಂಡಿಯಲ್ಲಿದ್ದರು. ಮುಂದೆ ಪತಿಯಾದ ಪಾಲ್ ಅವರ ಪರಿಚಯವಾದದ್ದು ಅಲ್ಲಿಯೇ. ಆಗ ಈಕೆಗೆ ಅಡಿಗೆ ಬರುತ್ತಿರಲಿಲ್ಲ ಎಂದರೆ ನಂಬಬೇಕು! ಪ್ಯಾರಿಸಿನ ಅಡಿಗೆ ಶಾಲೆಗೆ ಸೇರಿದ್ದು 1949ರಲ್ಲಿ, 37ರ ವಯಸ್ಸಿನಲ್ಲಿ. ಇಬ್ಬರು ಗೆಳತಿಯರೊಡನೆ ಬರೆದ ಫ್ರೆಂಚ್ ಅಡಿಗೆಯ ದೊಡ್ಡ ಪುಸ್ತಕ 1961ರಲ್ಲಿ ಹೊರಬಂತು. 1963ರಿಂದ ಟೆಲಿವಿಷನ್ನಿನಲ್ಲಿ ಅಡಿಗೆ ಕಲಿಸಿ ಮನೆಮಾತಾದರು. 2001ರಲ್ಲಿ ಮ್ಯಾಸಚೂಸೆಟ್ಸಿನ ಕೇಂಬ್ರಿಜ್ ನಗರದ ಮನೆಯನ್ನು ಬಿಟ್ಟು ಹೊರಡುವಾಗ ಅಡಿಗೆಮನೆಯನ್ನು ಸಂಗ್ರಹಾಲಯಕ್ಕೆ ದಾನ ಮಾಡಿದರು. 2004ರಲ್ಲಿ ತೀರಿಕೊಂಡರು.

ಇಪ್ಪತ್ತು ಅಡಿ ಉದ್ದ, ಹದಿನಾಲ್ಕು ಅಡಿ ಅಗಲದ ಕೋಣೆ ಅದು. ಒಲೆ, ಮೇಜು, ಕಪಾಟು, ಚೂರಿ, ಚಮಚಗಳನ್ನೆಲ್ಲ ಎಲ್ಲಿದ್ದವೋ ಅಲ್ಲಿಯೇ ಇರುವಂತೆ ಜೋಡಿಸಿದ್ದಾರೆ. ಗೋಡೆಗೆ ಬಡಿದ ಹಲಗೆಯ ಮೇಲೆ ಪ್ರತಿಯೊಂದು ಪಾತ್ರೆಯ ಆಕಾರವನ್ನು ಪಾಲ್ ಗೆರೆ ಎಳೆದು ಗುರುತಿಸಿದ್ದರು, ತೊಳೆದ ಪಾತ್ರೆ ತನ್ನ ಜಾಗಕ್ಕೇ ಮರಳಲಿ ಎಂದು. ನಮ್ಮ ಮನಸ್ಸನ್ನು ಹೆಚ್ಚು ಸೆಳೆದದ್ದು ಇನ್ನೊಂದು ಸಂಗತಿ. ಜೂಲಿಯಾ ಆರಡಿಗೂ ಮಿಕ್ಕಿದ ಎತ್ತರದವರು. ಅಲ್ಲಿನ ಮನೆಗಳಲ್ಲಿ ಅಡಿಗೆಯ ಕಟ್ಟೆ ಸಾಮಾನ್ಯವಾಗಿ 36 ಇಂಚು ಎತ್ತರವಿರುತ್ತದೆ. ಪಾಲ್ ಅದನ್ನು 38 ಇಂಚಿಗೆ ಏರಿಸಿದರು, ಹೆಂಡತಿಯ ಬೆನ್ನು ಬಾಗದಿರಲಿ ಎಂದು.

ನಮ್ಮ ಹಳೆಯ ಮನೆಗಳನ್ನು ನೆನೆಯೋಣ. ಚಾವಡಿಗೆ ಕೆತ್ತನೆಯ ಕಂಬ, ಅಡಿಗೆಮನೆಗೆ ಒಂದು ಚಿಕ್ಕ ಕಿಂಡಿ. ಮನೆಯಲ್ಲಿ ಅತ್ಯಂತ ಹೆಚ್ಚು ಹೊತ್ತು ದುಡಿಯುವವರಿಗೆ ಅತ್ಯಂತ ಕತ್ತಲೆಯ ಕೋಣೆ. ಹಸಿ ಕಟ್ಟಿಗೆಯ ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡು, ಕಡೆಯುವ ಕಲ್ಲಿನ ಮುಂದೆ ಬೆನ್ನು ಸವೆಸಿದ ನಮ್ಮ ಅಜ್ಜಿಯಂದಿರ ಎತ್ತರವನ್ನು ಅಳೆದು ಯಾರಾದರೂ ಒಲೆ ಹಾಕಿದ್ದುಂಟೇ? ಮಿಕ್ಸಿ ಬಂದದ್ದು, ಗ್ಯಾಸು ಬಂದದ್ದು ಒಳ್ಳೆಯದೇ ಆಯಿತು. ಹಿಂದಿನ ಅಡಿಗೆಮನೆಯೇ ಸ್ವರ್ಗವಾಗಿತ್ತೆಂದು ಹೇಳುವವರು ಊಟಕ್ಕೆ ಕುಳಿತವರೇ ಹೊರತು ಬಡಿಸಿದವರಲ್ಲ.

ಹಾಗಿದ್ದ ಮೇಲೆ ಅದನ್ನು ಉಳಿಸುವುದೇಕೆ? ಹೊಗಳುವುದಕ್ಕಲ್ಲ, ತಿಳಿಯುವುದಕ್ಕೆ. ಮಣಿಪಾಲದಲ್ಲಿ ದಿವಂಗತ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮರಳಿ ಕಟ್ಟಿದ ಹಸ್ತಶಿಲ್ಪವನ್ನು, ಬಂಟ್ವಾಳದಲ್ಲಿ ಪ್ರೊ. ತುಕಾರಾಂ ಪೂಜಾರಿಯವರು ಕೂಡಿಸಿದ ತುಳು ಬದುಕಿನ ವಸ್ತುಗಳನ್ನು ನಮ್ಮ ಓದುಗರಲ್ಲಿ ಹಲವರು ಕಂಡಿರಬಹುದು. ಒಬ್ಬೊಬ್ಬರೇ ಹಟ ಹಿಡಿದು ಇಷ್ಟು ಮಾಡಲು ಸಾಧ್ಯವಾಗಿದೆ.

ಆದರೆ ವಸ್ತುವನ್ನಷ್ಟೇ ಇಟ್ಟರೆ ಸಾಲದು. ಬೆಂಕಿಯಿಲ್ಲದ ಒಲೆ ಬರಿಯ ಮಣ್ಣು. ವಾಷಿಂಗ್ಟನ್ನಿನವರು ಸಾಮಾನುಗಳನ್ನು ಕಟ್ಟುವ ಮೊದಲು ಜೂಲಿಯಾ ಅವರನ್ನು ಅದೇ ಅಡಿಗೆಮನೆಯಲ್ಲಿ ಕುಳ್ಳಿರಿಸಿ ಮಾತನಾಡಿಸಿ ದಾಖಲಿಸಿಕೊಂಡರು. ನಾವು ಕಲಿಯಬೇಕಾದ ಪಾಠ ಇದೇ ಎಂದು ನಮ್ಮ ಅಭಿಪ್ರಾಯ. ಉಪ್ಪುಸೊಳೆಗೆ ಉಪ್ಪು ಎಷ್ಟು, ಪತ್ರೊಡೆಯ ಹಿಟ್ಟು ಯಾವ ಹದಕ್ಕೆ, ಹಲಸಿನ ಹಪ್ಪಳಕ್ಕೆ ಕಾಯಿ ಎಷ್ಟು ಬಲಿತಿರಬೇಕು, ಇವೆಲ್ಲ ಕಣ್ಣಳತೆ, ಕೈಯಳತೆಯ ವಿದ್ಯೆಗಳು. ಭರಣಿ ಅಟ್ಟದಲ್ಲಿ ನೂರು ವರ್ಷ ಉಳಿದೀತು. ಕೈಯಳತೆ ಆ ಕೈಯೊಡನೆಯೇ ಹೋಗುತ್ತದೆ.

ಮಾತಿನ ಗತಿಯೂ ಅದೇ. ಈ ಜಿಲ್ಲೆಯಲ್ಲಿ ಕನ್ನಡದವರ ಕಡೆಯುವ ಕಲ್ಲು ತುಳುವರಿಗೆ ಕಡೆಪಿ ಕಲ್ಲು, ಮಲಯಾಳದವರಿಗೆ ಆಟ್ಟುಕಲ್ಲು. ನಮ್ಮ ಹೆರೆಮಣೆ ಅವರ ಚಿರವ. ಬೇಲಿಯಾಚೆಯಿಂದ ಒಂದನ್ನೊಂದು ಕೇಳಿಸಿಕೊಂಡು ಬೆಳೆದ ಮಾತುಗಳಿವು. ಕಲ್ಲು ಅಂಗಳದ ಮೂಲೆ ಸೇರಿ ಹೂಕುಂಡಕ್ಕೆ ಪೀಠವಾದ ಮನೆಯಲ್ಲಿ ಮಗುವಿಗೆ ಮೂರರಲ್ಲಿ ಒಂದು ಹೆಸರಾದರೂ ಗೊತ್ತಿದೆಯೇ?

ಇದಕ್ಕೆ ಸ್ಮಿತ್‌ಸೋನಿಯನ್ನಿನ ಸಂಪತ್ತು ಬೇಕಿಲ್ಲ. ನಮ್ಮ ಊರೂರಿನಲ್ಲಿ ಗ್ರಂಥಾಲಯಗಳಿವೆ, ಶಾಲೆಗಳಿವೆ, ಮಕ್ಕಳ ಕೈಗೆಟಕುವ ಮೊಬೈಲ್ ಫೋನುಗಳಿವೆ. ಪ್ರತಿ ಶಾಲೆಯ ಕನ್ನಡ ವಿಭಾಗದವರು ರಜೆಯಲ್ಲಿ ಒಂದೊಂದು ಮನೆಯ ಅಡಿಗೆ ಸಾಮಾನಿನ ಪಟ್ಟಿ ಮಾಡಿಸಲಿ. ಹೆಸರು, ಅಳತೆ, ಬಳಕೆ ಎಲ್ಲವೂ ಅಜ್ಜಿಯ ಬಾಯಿಯಿಂದಲೇ ಬರಲಿ, ಅಜ್ಜಿಯ ಹೆಸರೂ ಪಟ್ಟಿಯ ತಲೆಯಲ್ಲಿರಲಿ. ಗ್ರಂಥಾಲಯದ ಒಂದು ಕಪಾಟು ಅದಕ್ಕೆ ಮೀಸಲಾಗಲಿ.

ಜೂಲಿಯಾ ಅವರಿಗೆ ಟೆಲಿವಿಷನ್ ಇತ್ತು, ಹೆಸರಿತ್ತು, ಆದ್ದರಿಂದ ಅವರ ಅಡಿಗೆಮನೆ ಉಳಿಯಿತು. ಊರಿಗೆಲ್ಲ ಉಣಬಡಿಸಿ ಹೆಸರಿಲ್ಲದೆ ಹೋದವರ ಲೆಕ್ಕ ಇಡುವ ಹೊಣೆ ಉಂಡವರದ್ದು. ಗುಜರಿಯವನು ಅಂಗಳಕ್ಕೆ ಬರುವ ಮೊದಲೇ ಈ ಕೆಲಸಕ್ಕೆ ಕೈಹಚ್ಚುವುದೊಳ್ಳೆಯದು.