ಯಂತ್ರಕ್ಕಿಂತ ಲೆಕ್ಕ ದೊಡ್ಡದು

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆಯಲ್ಲಿ ಟಿಳಕವಾಡಿಯನ್ನೂ ಉದ್ಯಮಬಾಗವನ್ನೂ ದಾಟಿ ಮುಂದೆ ಹೋದರೆ ಮಚ್ಛೆಯ ನೆಲದಲ್ಲಿ 'ಜ್ಞಾನಸಂಗಮ'ವೆಂಬ ವಿಸ್ತಾರವಾದ ಆವರಣವು ಕಾಣಿಸುತ್ತದೆ. 1998ನೆಯ ಇಸವಿಯಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಮುಖ್ಯಸ್ಥಾನವದು. ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಮುಂಬಯಿ ಇಲಾಖೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರುಷ ದುಡಿದು, ನಿಜಾಮರ ರಾಜಧಾನಿಗೆ ಪ್ರವಾಹದಿಂದ ರಕ್ಷಣೆಯ ದಾರಿಯನ್ನು ತೋರಿಸಿ, ಕಡೆಗೆ ಮೈಸೂರಿನ ದಿವಾನರಾದ ಮಹನೀಯರ ಹೆಸರು ಅದಕ್ಕೆ ಸಂದಿದೆ. ಕನ್ನಡಿಗರು ಯಾವ ಮೂರು ದೊಡ್ಡ ಆಡಳಿತಗಳಲ್ಲಿ ಹಂಚಿಹೋಗಿದ್ದರೋ ಆ ಮೂರರ ಸೇವೆಯನ್ನೂ ಈ ಒಬ್ಬ ಕನ್ನಡ ನಾಡಿನ ಇಂಜಿನಿಯರರು ಮಾಡಿದ್ದರು. 1956ರ ನವೆಂಬರ 1ರಂದು ನಾಡು ಒಂದಾದಾಗ ಆ ಮೂರೂ ಕಡೆಯ ಕನ್ನಡಿಗರು ಒಂದೇ ಸರಕಾರದ ಕೆಳಗೆ ಬಂದರು. ಅದನ್ನು ಕಣ್ಣಾರೆ ಕಂಡು, ನೂರು ವರುಷ ತುಂಬಿಸಿ, ಅವರು 1962ರ ಏಪ್ರಿಲ್ 14ರಂದು ತೀರಿಕೊಂಡರು.

ಪ್ರತಿವರುಷವೂ ಸಪ್ಟೆಂಬರ 15ರಂದು ಅವರ ಪ್ರತಿಮೆಗೆ ಮಾಲೆ ಬೀಳುತ್ತದೆ, ಭಾಷಣಗಳಾಗುತ್ತವೆ. ಅದೇ ದಿನ ಸಂಜೆ ಅದೇ ಊರಿನ ಎಷ್ಟೋ ಓಣಿಗಳಲ್ಲಿ ಹೆಣ್ಣುಮಕ್ಕಳು ನಳದ ಪಾಳಿಯನ್ನು ಕಾಯುತ್ತಾ ಕೊಡಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಮಾಲೆಗೂ ಕೊಡಕ್ಕೂ ಏನು ಸಂಬಂಧವೆಂದು ಕೇಳುವವರಿಗೆ ನಮ್ಮ ಉತ್ತರವಿಷ್ಟೇ: ವಿಶ್ವೇಶ್ವರಯ್ಯನವರ ಅಭಿಪ್ರಾಯಗಳಲ್ಲಿ ನಾವು ಹೆಸರನ್ನು ಇಟ್ಟುಕೊಂಡೆವು, ಹುರುಳನ್ನು ಬಿಟ್ಟೆವು. ಯಂತ್ರವು ದೊಡ್ಡದಲ್ಲ; ಅದನ್ನು ನಡೆಸುವವರು ಜನರಿಗೆ ಕೊಡತಕ್ಕ ಲೆಕ್ಕವೇ ದೊಡ್ಡದು. ಅವರ ಬಾಳಿನ ಕೆಲಸವನ್ನೆಲ್ಲ ಸೋಸಿದರೆ ಉಳಿಯುವುದು ಈ ಒಂದು ಮಾತೆಂದು ನಾವು ತಿಳಿದಿದ್ದೇವೆ.

ಮೊದಲು ಅವರ ಯಂತ್ರವಿದ್ಯೆಯನ್ನೇ ನೋಡೋಣ. ಪುಣೆಯ ಹತ್ತಿರದ ಖಡಕವಾಸಲೆಯ ಕೆರೆಯಲ್ಲಿ ಮಳೆಗಾಲದ ಹೆಚ್ಚಿನ ನೀರು ಕೋಡಿಯ ಮೇಲಿಂದ ವ್ಯರ್ಥವಾಗಿ ಹರಿದುಹೋಗುತ್ತಿತ್ತು. ಕಟ್ಟೆಯನ್ನು ಎತ್ತರಿಸಬೇಕೆಂದರೆ ಅಪಾರ ವೆಚ್ಚ. ವಿಶ್ವೇಶ್ವರಯ್ಯನವರು ಕಟ್ಟೆಯನ್ನು ಮುಟ್ಟಲಿಲ್ಲ. ಕೋಡಿಗೆ ತಾವೇ ಕಲ್ಪಿಸಿದ ಬಾಗಿಲುಗಳನ್ನು ಕೂಡಿಸಿದರು. ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ಅವು ತಾವಾಗಿಯೇ ತೆರೆಯುತ್ತಿದ್ದವು, ಇಳಿದೊಡನೆ ತಾವಾಗಿಯೇ ಮುಚ್ಚುತ್ತಿದ್ದವು. 1903ರಲ್ಲಿ ಇದು ಕಾರ್ಯರೂಪಕ್ಕೆ ಬಂದಿತು. ಆ ಕಲ್ಪನೆಯ ಹಕ್ಕನ್ನು ಅವರು ತಮ್ಮ ಹೆಸರಿನಲ್ಲಿ ನೋಂದಿಸಿದರೂ ಅದರಿಂದ ಬರಬಹುದಾಗಿದ್ದ ಹಣವನ್ನು ಮುಟ್ಟಲಿಲ್ಲ. ಸರಕಾರದ ಸಂಬಳವನ್ನುಂಡು ಕಂಡುಹಿಡಿದದ್ದು ಸರಕಾರದ್ದೇ ಎಂಬುದು ಅವರ ನಿಲುವಾಗಿತ್ತು. ಅದಕ್ಕೂ ಮೊದಲು ಸಿಂಧದ ಸಕ್ಕರದಲ್ಲಿ ಕೆಸರು ತುಂಬಿದ ಸಿಂಧೂನದಿಯ ನೀರನ್ನು ಊರಿಗೆ ಕುಡಿಸಬೇಕಾಗಿತ್ತು; ಮುನಸಿಪಾಲಿಟಿಯ ಬೊಕ್ಕಸವೋ ಬಡವಾಗಿತ್ತು. ಹೊಳೆಯ ಪಾತ್ರದಲ್ಲಿಯೇ ಬಾವಿಯನ್ನು ತೋಡಿಸಿ, ಉಸುಕಿನೊಳಗಿಂದ ಸೋಸಿ ಬಂದ ತಿಳಿನೀರನ್ನು ಅವರು ಮೇಲೆತ್ತಿಸಿದರು. ಹೊಸದನ್ನು ಕೊಳ್ಳುವ ಮೊದಲು ಇದ್ದುದನ್ನು ಪೂರ್ಣವಾಗಿ ದುಡಿಸಿಕೊಳ್ಳಬೇಕೆಂಬುದೇ ಈ ಎರಡೂ ಕೆಲಸಗಳ ಪಾಠ.

ಅವರ ರಾಜ್ಯಾಡಳಿತದ ಅಭಿಪ್ರಾಯವೂ ನೀರಿನ ಕಾಲುವೆಯಲ್ಲಿಯೇ ಹುಟ್ಟಿತೆಂದರೆ ತಪ್ಪಾಗಲಾರದು. ಪುಣೆ ಜಿಲ್ಲೆಯ ನೀರಾ ಕಾಲುವೆಯ ಮೇಲ್ಗಡೆಯ ರೈತರು ಕಬ್ಬಿಗೆ ಮನಬಂದಷ್ಟು ನೀರನ್ನು ಹಾಯಿಸುವರು, ತುದಿಯವರಿಗೆ ನೀರೇ ಸಿಗದು. ಮೇಲಿನವರ ಹೊಲ ಜವುಗಾಗಿ ಕೆಟ್ಟರೆ ಕೆಳಗಿನವರ ಹೊಲ ಒಣಗಿ ಕೆಡುವುದು. ಇದಕ್ಕೆ ಅವರು 'ಬ್ಲಾಕ್ ಪದ್ಧತಿ'ಯನ್ನು ಸೂಚಿಸಿದರು. ಭೂಮಿಯನ್ನು ತಾಕುಗಳಾಗಿ ವಿಂಗಡಿಸುವುದು, ಒಂದು ಭಾಗಕ್ಕೆ ಮಾತ್ರ ಕಬ್ಬು, ಉಳಿದವುಗಳಿಗೆ ಕಡಿಮೆ ನೀರಿನ ಬೆಳೆ, ವರುಷ ವರುಷಕ್ಕೆ ಬೆಳೆಗಳ ಸರದಿ. ಇಲ್ಲಿ ಯಾವ ಹೊಸ ಯಂತ್ರವೂ ಇಲ್ಲ. ಅಳತೆ, ನಿಯಮ, ನ್ಯಾಯ, ಇವು ಮೂರೇ. ಹೆಚ್ಚು ಜನರಿಗೆ ಹೆಚ್ಚು ಕಾಲ ನೀರು ಮುಟ್ಟುವಂತೆ ಮಾಡುವುದು ಸರಕಾರದ ಧರ್ಮ. ಅಳೆಯದೆ ಹಂಚುವವನು ಬಲಿಷ್ಠನಿಗೆ ದಾಸನಾಗದೆ ಇರಲಾರನು.

ಈ ಅಳತೆಗೋಲನ್ನು ಈಗ ಬೆಳಗಾವಿಯ ಮೇಲಿಟ್ಟು ನೋಡಬೇಕು. 2008ರಲ್ಲಿ ಜಾಗತಿಕ ಬ್ಯಾಂಕಿನ ಸಾಲದ ನೆರವಿನಿಂದ ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ನಗರಗಳ ಸುಮಾರು ಹತ್ತರಲ್ಲೊಂದು ಪಾಲಿಗೆ ಹಗಲಿರುಳೂ ನೀರು ಕೊಡುವ ಪ್ರಯೋಗವು ನಡೆದು ಯಶಸ್ವಿಯಾಯಿತು. ಇಪ್ಪತ್ತನಾಲ್ಕು ತಾಸೂ ನಳದಲ್ಲಿ ನೀರು ಬರಬಲ್ಲುದೆಂದು ಕಂಡ ಮೊದಲ ಊರುಗಳಲ್ಲಿ ನಮ್ಮದೂ ಒಂದೆಂದು ನಾವು ಹೆಮ್ಮೆಪಟ್ಟೆವು. ಅದನ್ನು ಊರಿಗೆಲ್ಲ ಹಬ್ಬಿಸುವ ಕೆಲಸವು ಆಮೇಲೆ ಕೈಗೆತ್ತಿಕೊಳ್ಳಲ್ಪಟ್ಟಿತಾದರೂ, ಒಂದು ಓಣಿಯಲ್ಲಿ ನಿತ್ಯಧಾರೆ, ಪಕ್ಕದ ಓಣಿಯಲ್ಲಿ ಪಾಳಿ ಎಂಬ ಭೇದವು ಒಂದೂವರೆ ದಶಕವನ್ನೂ ಮೀರಿ ಬಾಳಿತು. ಇದು ಯಂತ್ರದ ಸೋಲಲ್ಲ. ಯಂತ್ರವು 2008ರಲ್ಲಿಯೇ ಗೆದ್ದಿತ್ತು, ಸೋತದ್ದು ಹಂಚಿಕೆ.

ಮಳೆಯ ಮಾತಾದರೂ ಬೇರೆಯೇ? 1908ರ ಸಪ್ಟೆಂಬರ 28ರಂದು ಮೂಸಿ ಹೊಳೆಯು ಉಕ್ಕಿ ಹೈದರಾಬಾದ ನಗರದಲ್ಲಿ ಸಾವಿರಾರು ಜನರನ್ನು ನುಂಗಿತು. ಕರೆಬಂದು ಹೋದ ವಿಶ್ವೇಶ್ವರಯ್ಯನವರು ಮಳೆಯ ಪ್ರಮಾಣವನ್ನೂ ಹೊಳೆಯ ಪಾತ್ರವನ್ನೂ ಅಳೆಯಿಸಿ, ಊರಿನ ಮೇಲ್ಗಡೆಯಲ್ಲಿಯೇ ನೀರನ್ನು ತಡೆದು ನಿಲ್ಲಿಸಬೇಕೆಂದೂ, ಊರೊಳಗಿನ ಗಟಾರುಗಳನ್ನು ಕ್ರಮಪಡಿಸಬೇಕೆಂದೂ ಹೇಳಿದರು. ಅದರಂತೆ 1920ರಲ್ಲಿ ಉಸ್ಮಾನಸಾಗರವೂ 1927ರಲ್ಲಿ ಹಿಮಾಯತಸಾಗರವೂ ಆದವು. ಅವು ಪ್ರವಾಹವನ್ನು ತಡೆಯುವುದರ ಜೊತೆಗೆ ಊರಿಗೆ ನೀರನ್ನೂ ಕುಡಿಸಿದವು. 2019ರ ಆಗಸ್ಟಿನಲ್ಲಿ ಬೆಳಗಾವಿಯೂ ಮುಳುಗಿತು. ಬಳ್ಳಾರಿ ನಾಲೆಯ ನೀರು ಮನೆಗಳಿಗೆ ನುಗ್ಗಿತು. ಯಳ್ಳೂರು, ಅನಗೋಳ, ವಡಗಾಂವಿಯ ಕಡೆಯ ಬತ್ತದ ಗದ್ದೆಗಳು ಕೆರೆಗಳಾದವು. ಈ ಗದ್ದೆಗಳಲ್ಲಿಯೇ ಬೆಳಗಾವಿಯ ಹೆಸರಾದ ಬಾಸಮತಿ ಅಕ್ಕಿ ಬೆಳೆಯುತ್ತಿತ್ತು. ನಾಲೆಯ ಹೂಳನ್ನು ತೆಗೆಯಿರಿ, ಒತ್ತುವರಿಯನ್ನು ಬಿಡಿಸಿರಿ ಎಂದು ಆ ರೈತರು ಗೋಗರೆಯುತ್ತ ಬಂದದ್ದು ಇಂದು ನಿನ್ನೆಯದಲ್ಲ. ಅವರು ಯಾವ ಅದ್ಭುತ ಯಂತ್ರವನ್ನೂ ಬೇಡಲಿಲ್ಲ. ಗುದ್ದಲಿಯಿಂದಾಗುವ ಕೆಲಸವನ್ನು ಮಳೆಗಾಲಕ್ಕೆ ಮೊದಲು ಮಾಡಿರೆಂದರು.

ಆ ಆಗಸ್ಟಿನಲ್ಲಿ ಅವರು ಯಾರ ಬಾಗಿಲಿಗೆ ಹೋಗಬೇಕಾಗಿತ್ತು? ಇಲ್ಲಿಯೇ ನಮ್ಮ ಮುಖ್ಯವಾದ ದೂರಿದೆ. ನಗರಪಾಲಿಕೆಯ ಚುನಾಯಿತ ಸಭೆಯ ಅವಧಿಯು 2019ರ ಮಾರ್ಚಿಯಲ್ಲಿ ಮುಗಿದಿತ್ತು. ಹೊಸ ಚುನಾವಣೆಯು ನಡೆದದ್ದು 2021ರ ಸಪ್ಟೆಂಬರಿನಲ್ಲಿ. ಗೆದ್ದವರು ಕೂಡಿ ಮಹಾಪೌರರನ್ನು ಆರಿಸಿದ್ದು 2023ರ ಫೆಬ್ರುವರಿಯಲ್ಲಿ. ಸುಮಾರು ನಾಲ್ಕು ವರುಷ, ಪ್ರವಾಹವೂ ಮಹಾಮಾರಿಯೂ ಬಂದುಹೋದ ನಾಲ್ಕು ವರುಷ, ಲಕ್ಷಗಟ್ಟಲೆ ಪ್ರಜೆಗಳ ಊರು ಮಹಾಪೌರರಿಲ್ಲದೆ ಅಧಿಕಾರಿಗಳ ಕೈಯಲ್ಲಿತ್ತು. ಅಧಿಕಾರಿಗಳನ್ನು ನಾವು ಹಳಿಯುವುದಿಲ್ಲ, ಅವರಲ್ಲಿ ದಕ್ಷರಿದ್ದರು. ಆದರೆ ಅವರು ಲೆಕ್ಕ ಒಪ್ಪಿಸುವುದು ಮೇಲಿನವರಿಗೆ, ಓಣಿಯವರಿಗಲ್ಲ. 2016ರ ಜನವರಿಯಲ್ಲಿ ದೇಶದ ಮೊದಲ ಇಪ್ಪತ್ತು 'ಸ್ಮಾರ್ಟ್ ಸಿಟಿ'ಗಳಲ್ಲಿ ಬೆಳಗಾವಿಯ ಹೆಸರು ಬಂದಾಗ ನಾವೆಲ್ಲರೂ ಹಿಗ್ಗಿದೆವು. ಆ ಯೋಜನೆಯ ಅವಧಿಯು 2025ರ ಮಾರ್ಚಿಗೆ ಮುಗಿಯಿತು. ಅದರಲ್ಲಿ ಸುಮಾರು ನಾಲ್ಕು ವರುಷ, ಆದ ಕೆಲಸವನ್ನು ಸಭೆಯಲ್ಲಿ ನಿಂತು ಪ್ರಶ್ನಿಸತಕ್ಕ ಮಹಾಪೌರರೇ ಇರಲಿಲ್ಲವೆಂಬುದನ್ನು ಮರೆಯಬಾರದು.

ಇಷ್ಟು ಹೇಳಿದ ಬಳಿಕ, ವಿಶ್ವೇಶ್ವರಯ್ಯನವರ ಒಂದು ಕೊರತೆಯನ್ನೂ ಮುಚ್ಚಿಡದೆ ಹೇಳುವುದು ನಮ್ಮ ಕರ್ತವ್ಯ. ಮೈಸೂರಿನ ಸರಕಾರೀ ನೌಕರಿಗಳಲ್ಲಿ ಹಿಂದುಳಿದ ಜಾತಿಗಳಿಗೆ ಪಾಲು ಕೊಡುವ ವಿಚಾರಕ್ಕಾಗಿ 1918ರಲ್ಲಿ ಮಿಲ್ಲರ್ ಸಮಿತಿಯು ನೇಮಕವಾಯಿತು. ಯೋಗ್ಯತೆಯೊಂದೇ ಸಾಕೆಂಬ ಪಕ್ಷದವರಾದ ವಿಶ್ವೇಶ್ವರಯ್ಯನವರು ಈ ಭಿನ್ನಾಭಿಪ್ರಾಯದಲ್ಲಿ ದಿವಾನಗಿರಿಯನ್ನೇ ಬಿಟ್ಟರು. ಮೈಸೂರಿನಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ 1913ರ ಕಾಯದೆಯನ್ನು ತಂದವರೂ, 1917ರಲ್ಲಿ ಬೆಂಗಳೂರಿಗೆ ಇಂಜಿನಿಯರಿಂಗ್ ಕಾಲೇಜನ್ನು ಕೊಟ್ಟವರೂ ಅವರೇ. ಆದರೂ ಬಾಗಿಲನ್ನು ತೆರೆದ ಮಾತ್ರಕ್ಕೆ ಎಲ್ಲರೂ ಒಳಗೆ ಬರಲಾರರು, ದೂರದಿಂದ ನಡೆದು ಬರುವವನಿಗೆ ದಾರಿಯೂ ಬೇಕೆಂಬುದನ್ನು ಆ ದೊಡ್ಡವರು ಕಾಣಲಿಲ್ಲ. ಕಾಲುವೆಯ ತುದಿಯ ರೈತನಿಗಾಗಿ ಬ್ಲಾಕ್ ಪದ್ಧತಿಯನ್ನು ಕಲ್ಪಿಸಿದ ಬುದ್ಧಿಯು ಸಮಾಜದ ತುದಿಯಲ್ಲಿದ್ದವನ ವಿಷಯದಲ್ಲಿ ಅದೇ ನ್ಯಾಯವನ್ನು ಹೇಳಲಿಲ್ಲ. ಅವರ ಅಳತೆಗೋಲಿನಿಂದಲೇ ಅವರನ್ನು ಅಳೆದು ನಾವು ಹೀಗೆನ್ನುತ್ತೇವೆ. ಅವರಿಗಿದು ಅಗೌರವವಾಗದು.

ಕಾಲುವೆಯ ತುದಿಯ ಮಾತು ಬಂದಾಗ ನಮ್ಮ ಮನಸ್ಸು ಖಾನಾಪುರದ ಕಡೆಗೆ ಹರಿಯುತ್ತದೆ. ಆದರೆ ಖಾನಾಪುರವು ತುದಿಯಲ್ಲ, ಮೂಲ. ಬೆಳಗಾವಿಗೆ ರಾಕಸಕೊಪ್ಪದ ಜಲಾಶಯದಿಂದ ಬರುವ ನೀರು ಮಾರ್ಕಂಡೇಯ ಹೊಳೆಯದು. ಆ ಹೊಳೆ ಹುಟ್ಟುವುದು ಖಾನಾಪುರ ತಾಲೂಕಿನ ಬೈಲೂರಿನ ಬೆಟ್ಟದಲ್ಲಿ. ಮಲಪ್ರಭೆ ಹುಟ್ಟುವುದು ಅದೇ ತಾಲೂಕಿನ ಕಣಕುಂಬಿಯಲ್ಲಿ. ಅದು ನವಿಲುತೀರ್ಥದ ಅಣೆಕಟ್ಟೆಯಲ್ಲಿ ನಿಂತು ಸವದತ್ತಿ, ನರಗುಂದ, ನವಲಗುಂದದ ಹೊಲಗಳಿಗೆ ಹೋಗುತ್ತದೆ. ಹುಬ್ಬಳ್ಳಿ-ಧಾರವಾಡ ಕುಡಿಯುವುದೂ ಆ ನೀರನ್ನೇ. ಹೀಗೆ ನಾಡಿಗೆ ನೀರನ್ನು ಕೊಡುವ ತಾಲೂಕಿನ ಭೀಮಗಡದ ಕಾಡಿನ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ಹಳ್ಳ ದಾಟಲು ಸೇತುವೆಯಿಲ್ಲ. ಬೇನೆಬಿದ್ದವರನ್ನು ಕಟ್ಟಿಗೆಯ ಡೋಲಿಯಲ್ಲಿ ಹೊತ್ತು ಮೈಲುಗಟ್ಟಲೆ ನಡೆಯಬೇಕು. 2011ರಲ್ಲಿ ಆ ಕಾಡು ಅಭಯಾರಣ್ಯವಾಯಿತು. ಕಾಡನ್ನು ಕಾಯಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ, ಕಾಡಿದ್ದರೆ ಹೊಳೆ. ಆದರೆ ಹುಲಿಗೆ ಕೊಟ್ಟ ಅಭಯವು ಹೆರಿಗೆಯ ನೋವಿನ ಹೆಣ್ಣುಮಗಳಿಗೆ ಇರಬಾರದೇ? ಕಾಡು ಕೆಡದಂತೆ ಒಂದು ಕಾಲುಸೇತುವೆಯನ್ನು ಕಟ್ಟುವ ವಿದ್ಯೆಯು ಜ್ಞಾನಸಂಗಮದಲ್ಲಿ ಇಲ್ಲವೆಂದು ನಾವು ನಂಬಲಾರೆವು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರಿನ ಮಲೆನಾಡು ಚಳಿಜ್ವರದಿಂದ ಕ್ಷೀಣಿಸುತ್ತಿರುವುದನ್ನು ಕಂಡು, ಅದಕ್ಕಾಗಿಯೇ ಮಲೆನಾಡು ಸುಧಾರಣೆಯ ಯೋಜನೆಯೊಂದನ್ನು ನಡೆಸಿದರು. ಬಯಲಿನ ಊರು ಮಲೆಯ ಊರಿನ ಋಣದಲ್ಲಿದೆ. ನಳವನ್ನು ತಿರುಗಿಸುವ ಪ್ರತಿಯೊಬ್ಬ ಬೆಳಗಾವಿಗನೂ ಖಾನಾಪುರದ ಸಾಲಗಾರನು.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಮೊದಲನೆಯದಾಗಿ, ನಗರಪಾಲಿಕೆಯು ಯಾವ ಓಣಿಗೆ ಎಷ್ಟು ನೀರು, ಎಷ್ಟು ತಾಸು, ಸೋರಿ ಹೋದದ್ದೆಷ್ಟು ಎಂಬ ಲೆಕ್ಕವನ್ನು ತಿಂಗಳಿಗೊಮ್ಮೆ ಪ್ರತಿ ವಾರ್ಡಿನಲ್ಲಿಯೂ ಹಚ್ಚಬೇಕು; ಮನೆಪಟ್ಟಿ ಕೊಡುವವನಿಗೆ ಅದನ್ನು ಓದುವ ಹಕ್ಕಿದೆ. ಎರಡನೆಯದಾಗಿ, ನಾಲೆಗಳ ಎಲ್ಲೆಯನ್ನು ಅಳೆದು ಕಲ್ಲು ನೆಟ್ಟು, ಹೂಳನ್ನು ಮೇ ತಿಂಗಳ ಒಳಗೆ ತೆಗೆದು, ತೆಗೆದುದನ್ನು ರೈತರಿಗೆ ತೋರಿಸಬೇಕು. ಮೂರನೆಯದಾಗಿ, ನಗರಸಭೆಯು ಮಹಾಪೌರರಿಲ್ಲದೆ ಇನ್ನೆಂದೂ ಇರಕೂಡದು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗತಕ್ಕದ್ದು. ನಾಲ್ಕನೆಯದಾಗಿ, ತಾಂತ್ರಿಕ ವಿಶ್ವವಿದ್ಯಾಲಯವು ವರುಷಕ್ಕೊಮ್ಮೆ ತನ್ನ ವಿದ್ಯಾರ್ಥಿಗಳನ್ನು ಬೆಳಗಾವಿಯ ಗಟಾರಿಗೂ ಖಾನಾಪುರದ ಹಳ್ಳಕ್ಕೂ ಇಳಿಸಿ, ಅಳೆಯಿಸಿ, ಕಂಡುದನ್ನು ಕನ್ನಡದಲ್ಲಿ ಪ್ರಕಟಿಸಬೇಕು.

ಕನ್ನಡದಲ್ಲಿಯೇ ಏಕೆಂದು ಕೆಲವರು ಹುಬ್ಬೇರಿಸಬಹುದು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಹುಟ್ಟಿಗೆ ಬೆಂಬಲವಾಗಿ ನಿಂತ ದಿವಾನರು ಕವಿಯಲ್ಲ, ಇಂಜಿನಿಯರರು. ವಿದ್ಯೆಯು ಜನರ ನುಡಿಗೆ ಇಳಿಯದಿದ್ದರೆ ಹೊಲಕ್ಕೂ ಇಳಿಯದು. ಇದೇ ವಿಶ್ವವಿದ್ಯಾಲಯವು ತನ್ನ ವಿದ್ಯಾರ್ಥಿಗಳಿಗೆ ಕನ್ನಡದ ಪಾಠವನ್ನಿಟ್ಟಿರುವುದು ಸ್ತುತ್ಯವಾಗಿದೆ. 2021ರಲ್ಲಿ ಕನ್ನಡವೂ ಸೇರಿ ದೇಶಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ದಿಲ್ಲಿಯ ಪರಿಷತ್ತು ಅನುಮತಿಯನ್ನೂ ಕೊಟ್ಟಿತು. ಆದರೆ ಪಾಠ ಒಂದು, ಬಳಕೆ ಇನ್ನೊಂದು. ವಡಗಾಂವಿಯ ರೈತನು ಓದಲಾರದ ವರದಿಯು ಎಷ್ಟೇ ಶಾಸ್ತ್ರಶುದ್ಧವಾಗಿದ್ದರೂ ಅವನ ಪಾಲಿಗೆ ಬಿಳಿಯ ಹಾಳೆ. ಅವನ ಮನೆಯ ನುಡಿ ಮರಾಠಿಯಾಗಿದ್ದರೆ ಅವನಿಗೂ ಅದು ಅವನ ನುಡಿಯಲ್ಲಿ ತಲುಪಲಿ. ನೀರು ಜಾತಿಯನ್ನಾಗಲಿ ನುಡಿಯನ್ನಾಗಲಿ ಕೇಳಿ ಹರಿಯುವುದಿಲ್ಲ.

ಹಣವೆಲ್ಲಿದೆ ಎಂಬುದು ಎರಡನೆಯ ಆಕ್ಷೇಪ. ಮೇಲಿನ ನಾಲ್ಕರಲ್ಲಿ ಮೂರಕ್ಕೆ ಹಣಕ್ಕಿಂತ ಮನಸ್ಸು ಹೆಚ್ಚು ಬೇಕು. 1924ರ ಡಿಸೆಂಬರಿನಲ್ಲಿ ಮಹಾತ್ಮರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನವು ನಡೆದಾಗ, ಕೂಡಿಬಂದ ಅಪಾರ ಜನಕ್ಕೆ ನೀರಿಲ್ಲವೆಂದು ಈ ಊರಿನವರು ಕೈಚೆಲ್ಲಿ ಕೂಡಲಿಲ್ಲ, ಬಾವಿಯನ್ನು ತೋಡಿದರು. ಟಿಳಕವಾಡಿಯಲ್ಲಿ ಅದು ಇಂದಿಗೂ ಕಾಂಗ್ರೆಸ್ ಬಾವಿಯೆಂದು ನಿಂತಿದೆ. ಯಂತ್ರೋದ್ಯಮದ ವಿಷಯದಲ್ಲಿ ಮಹಾತ್ಮರಿಗೂ ವಿಶ್ವೇಶ್ವರಯ್ಯನವರಿಗೂ ಮತಭೇದವಿತ್ತು. ಆದರೆ ಕೈಗೆತ್ತಿಕೊಂಡ ಸಾರ್ವಜನಿಕ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮುಗಿಸಿ, ಕಾಸುಕಾಸಿಗೂ ಲೆಕ್ಕ ಕೊಡಬೇಕೆಂಬುದರಲ್ಲಿ ಇಬ್ಬರೂ ಒಂದೇ.

ಬೆಳಗಾವಿಯ ನಾಗರಿಕರೇ, ನಾಡು ಒಂದಾಗಬೇಕೆಂದು ನಮ್ಮ ಹಿರಿಯರು ದುಡಿದದ್ದು ನಕಾಶೆಯ ಮೇಲಿನ ಗೆರೆಗಾಗಿ ಮಾತ್ರವಲ್ಲ. ನಮ್ಮ ನೀರು, ನಮ್ಮ ತೆರಿಗೆ, ನಮ್ಮ ಓಣಿಗಳ ಲೆಕ್ಕವನ್ನು ನಮ್ಮ ನುಡಿಯಲ್ಲಿ ನಾವೇ ಕೇಳುವಂತಾಗಲೆಂದು. ಮುಂದಿನ ಸಪ್ಟೆಂಬರ 15ರಂದು ಮಾಲೆಯನ್ನು ಹಿಡಿದು ಹೋಗುವವರು ಕೈಯಲ್ಲಿ ತಮ್ಮ ವಾರ್ಡಿನ ನೀರಿನ ಲೆಕ್ಕದ ಹಾಳೆಯನ್ನೂ ಹಿಡಿದು ಹೋಗಲಿ. ಹಾಳೆಯಿಲ್ಲದಿದ್ದರೆ ಆ ದಿನ ಮೊದಲು ನಗರಪಾಲಿಕೆಗೆ ಹೋಗಲಿ, ಪ್ರತಿಮೆಯ ಹತ್ತಿರ ಆಮೇಲೆ.