ಅಬ್ಬಿ ನೀರಿಗೊಂದು ವಾಲ್ವ್

ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ನೀರು ತರುವ ನಮಗೆ ವಿದ್ಯುತ್ ಬಿಲ್ಲಿನ ಹಂಗಿಲ್ಲ; ಆದ್ದರಿಂದಲೇ ಅದನ್ನು ನಿಲ್ಲಿಸುವ ಯೋಚನೆಯೂ ಇಲ್ಲ. ಬಚ್ಚಲಿನ ತಾಮ್ರದ ಹಂಡೆ ತುಂಬಿದ ಮೇಲೂ ನೀರು ಹಗಲಿರುಳು ಸುರಿಯುತ್ತದೆ. ನಿಮಿಷಕ್ಕೆ 10 ಲೀಟರ್ ಎಂದರೂ ದಿನಕ್ಕೆ 14,400 ಲೀಟರ್! ಬೇಸಿಗೆಯಲ್ಲಿ ಹಳ್ಳ ಬತ್ತಿತೆಂದು ಮರುಗುವವರೂ ನಾವೇ.

ಹಾಗೆಂದು ಮನೆಯ ಬಳಿ ವಾಲ್ವ್ ಕೂರಿಸಿ ಮುಚ್ಚಿದರೆ ಪೈಪು ಒಡೆದೀತು. ಪ್ರತಿ 10 ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡ. 60 ಮೀಟರ್ ಮೇಲಿನಿಂದ ಇಳಿದರೆ 6 ಕಿಲೋ. 4 ಕಿಲೋ ಪೈಪು ಅದನ್ನು ತಾಳದು. (ನಾನಿದನ್ನು ಕಲಿತದ್ದು ಪೈಪು ಒಡೆದುಕೊಂಡ ಮೇಲೆಯೇ.) 30 ಮೀಟರ್ ಇಳಿದಲ್ಲಿ ತೆರೆದ ತೊಟ್ಟಿಯೊಂದನ್ನು ಕಟ್ಟಿ, ಅದಕ್ಕೂ ಮನೆಯ ಟ್ಯಾಂಕಿಗೂ ತೇಲುಗುಂಡಿನ ವಾಲ್ವ್ ಹಾಕಬೇಕು. ಎರಡೂ ತುಂಬಿದೊಡನೆ ನೀರು ಅಬ್ಬಿಯ ಬಾಯಲ್ಲೇ ಉಕ್ಕಿ ಹಳ್ಳಕ್ಕೆ ಇಳಿಯುತ್ತದೆ.