ಸಾವನ್ನು ಎಣಿಸುವುದೂ ಜೀವ ಉಳಿಸುವ ಕಾರ್ಯವೇ



2025ನೆಯ ಇಸವಿಯ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹೆಸರು ನಾಡಿನ ಎಲ್ಲರ ಬಾಯಲ್ಲಿತ್ತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲೆಡೆಯೂ ಒಂದೇ ಮಾತು: ಹರೆಯದವರು ಹೃದಯಾಘಾತದಿಂದ ಸಾಯುತ್ತಿದ್ದಾರೆ. ಹೆದರಿದವರ ಮೇಲೆ ಹಾವು ಎಸೆದಂತೆ ದಿನಕ್ಕೊಂದು ಸುದ್ದಿ ಬಂದು ಬಿತ್ತು. ಜುಲೈ ತಿಂಗಳಲ್ಲಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನರ ಉದ್ದನೆಯ ಸಾಲು ನಿಂತಿತು.

ಸರಕಾರವು ಜಯದೇವ ಹೃದ್ರೋಗ ಸಂಸ್ಥೆಯ ಅಂದಿನ ನಿರ್ದೇಶಕರಾದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿಯೊಂದನ್ನು ನೇಮಿಸಿತು. ಸಮಿತಿ ಪರಿಶೀಲಿಸಿದ್ದು 24 ಸಾವುಗಳನ್ನು. ಅವುಗಳಲ್ಲಿ 4 ಸಾವುಗಳಿಗೆ ಹೃದಯ ಕಾರಣವೇ ಆಗಿರಲಿಲ್ಲ. ಉಳಿದ 20ರಲ್ಲಿ 10 ಮಾತ್ರ ಖಚಿತವಾದವು. ಇನ್ನು 10 'ಇರಬಹುದು' ಎಂಬ ವರ್ಗಕ್ಕೆ ಸೇರಿದವು. ಜಿಲ್ಲೆಯಲ್ಲಿ ಹೃದಯಸಂಬಂಧಿ ಸಾವುಗಳು ಅಸಹಜವಾಗಿ ಏರಿಲ್ಲವೆಂಬುದೇ ಸಮಿತಿಯ ತೀರ್ಮಾನ. ಆದರೆ ಇದರಿಂದ ನಾವು ನಿಶ್ಚಿಂತರಾಗುವಂತಿಲ್ಲ. ಆ 24 ಮಂದಿಯಲ್ಲಿ 14 ಮಂದಿ 45 ವರ್ಷದೊಳಗಿನವರು.

ನಮ್ಮ ಮನಸ್ಸನ್ನು ಕಾಡುವುದು 'ಇರಬಹುದು' ಎಂಬ ಆ ಒಂದು ಪದ. ಮನೆಯಲ್ಲೇ ಸಂಭವಿಸಿದ ಸಾವಿಗೆ ಇ.ಸಿ.ಜಿ. ಇಲ್ಲ, ಮರಣೋತ್ತರ ಪರೀಕ್ಷೆಯಿಲ್ಲ ಎಂದಾದರೆ, ವಿದ್ವಾಂಸರ ಸಮಿತಿಯಾದರೂ ಏನು ಹೇಳೀತು? ಜ್ಞಾನ ಇಲ್ಲದ ಸ್ಥಳವನ್ನು ಊಹೆ ಆಕ್ರಮಿಸುತ್ತದೆ. ಒಂದರ ನಂತರ ಇನ್ನೊಂದು ಸಂಭವಿಸಿತೆಂಬ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಲ್ಲವೆಂಬುದು ತರ್ಕಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಆದರೂ ಕೊರೋನಾ ಲಸಿಕೆಯೇ ಈ ಸಾವುಗಳ ಮೂಲವೆಂದು ಅನೇಕರು ನಂಬಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2023ರಲ್ಲಿ ದೇಶದ 47 ಆಸ್ಪತ್ರೆಗಳ ನೆರವಿನಿಂದ, 18ರಿಂದ 45 ವರ್ಷದವರ ಹಠಾತ್ ಸಾವುಗಳನ್ನು ಅಧ್ಯಯನ ಮಾಡಿತ್ತು. ಲಸಿಕೆಯಿಂದ ಅಪಾಯ ಹೆಚ್ಚಲಿಲ್ಲವೆಂದು ಅದು ಕಂಡುಕೊಂಡಿತು. ಅಪಾಯದೊಂದಿಗೆ ನಂಟು ಕಂಡದ್ದು ಕುಟುಂಬದಲ್ಲಿ ಹಿಂದೆ ನಡೆದ ಹಠಾತ್ ಸಾವು, ಮಿತಿಮೀರಿದ ಮದ್ಯಪಾನ, ಕೊರೋನಾ ತಗುಲಿ ಆಸ್ಪತ್ರೆ ಸೇರಿದ್ದು ಮುಂತಾದವುಗಳಿಗೆ.

ಪ್ರಾಮಾಣಿಕವಾದ ಎಣಿಕೆ ಏನನ್ನು ಸಾಧಿಸಬಲ್ಲದೆಂಬುದಕ್ಕೆ ಹೃದಯ ಶಸ್ತ್ರಚಿಕಿತ್ಸೆಯ ಚರಿತ್ರೆಯೇ ಸಾಕ್ಷಿ. ಅಮೆರಿಕದ ನ್ಯೂಯಾರ್ಕ್ ರಾಜ್ಯವು 1989ರಿಂದ ಪ್ರತಿ ಬೈಪಾಸ್ ಶಸ್ತ್ರಚಿಕಿತ್ಸೆಯ ಫಲಿತಾಂಶವನ್ನು ದಾಖಲಿಸಿ, ಬಳಿಕ ಪ್ರಕಟಿಸತೊಡಗಿತು. ಲೆಕ್ಕವೂ ನ್ಯಾಯವಾಗಿರಬೇಕಷ್ಟೆ. ಎಪ್ಪತ್ತು ದಾಟಿದ ಸಕ್ಕರೆ ಕಾಯಿಲೆಯ ರೋಗಿಯನ್ನು ಕೈಗೆತ್ತಿಕೊಂಡ ವೈದ್ಯರನ್ನೂ ಐವತ್ತರ ದೃಢಕಾಯನಿಗೆ ಚಿಕಿತ್ಸೆ ನೀಡಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದುದರಿಂದ ರೋಗಿಯ ವಯಸ್ಸು ಮತ್ತು ಸ್ಥಿತಿಗಳನ್ನು ಗಣನೆಗೆ ತೆಗೆದುಕೊಂಡೇ ಸಾವಿನ ಪ್ರಮಾಣವನ್ನು ಅಳೆಯಲಾಯಿತು. ಆ ಪ್ರಮಾಣವು 1989ರಲ್ಲಿ ಶೇಕಡಾ 4.17 ಇದ್ದದ್ದು 1992ರ ವೇಳೆಗೆ 2.45ಕ್ಕೆ ಇಳಿಯಿತು. ಅಂಕಿಗೆ ಅಂಜಿ ಕಷ್ಟದ ರೋಗಿಗಳನ್ನು ವೈದ್ಯರು ದೂರವಿಟ್ಟಾರೆಂಬ ಆಕ್ಷೇಪವೂ ಅಲ್ಲಿ ಕೇಳಿಬಂತು, ಅದನ್ನು ಮರೆಯಬಾರದು. ಆದರೂ ತನ್ನ ಸೋಲನ್ನು ಎಣಿಸಲು ಒಪ್ಪಿದ ಆಸ್ಪತ್ರೆಯೇ ಅದನ್ನು ತಿದ್ದಿಕೊಳ್ಳಬಲ್ಲದು.

ಈ ಎಣಿಕೆ ಆಸ್ಪತ್ರೆಯ ಬಾಗಿಲಿಗೆ ನಿಲ್ಲುವಂಥದಲ್ಲ. ಅದರಲ್ಲಿ ನಮ್ಮ ಮನೆಗಳಿಗೂ ಪಾಲಿದೆ. ಎದೆಯ ಹೊಲಿಗೆ ಒಣಗಿದ ದಿನಕ್ಕೆ ಚಿಕಿತ್ಸೆ ಮುಗಿಯುವುದಿಲ್ಲ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಬೈಪಾಸ್ ಮಾಡಿಸಿಕೊಂಡು ಅರಕಲಗೂಡಿನ ಹಳ್ಳಿಗೆ ಮರಳಿದವರು, ನೋವಿಲ್ಲವೆಂದು ಮಾತ್ರೆ ಬಿಟ್ಟರೆ, ಬಸ್ಸಿನ ಖರ್ಚಿಗಂಜಿ ಮರುತಪಾಸಣೆಗೆ ಹೋಗದಿದ್ದರೆ, ಆ ಶಸ್ತ್ರಚಿಕಿತ್ಸೆ ಗೆದ್ದಿತೋ ಸೋತಿತೋ ಯಾರು ಬಲ್ಲರು? ಬಿಡುಗಡೆಯ ಚೀಟಿಯನ್ನು ಜೋಪಾನ ಮಾಡುವುದು, ಆಸ್ಪತ್ರೆಯವರು ವಿಚಾರಿಸಿದಾಗ ನಿಜವನ್ನೇ ಹೇಳುವುದು, ಇವೂ ಸಂಶೋಧನೆಗೆ ನಾವು ಸಲ್ಲಿಸುವ ಕಾಣಿಕೆಗಳೇ. ಎದೆ ಹಿಂಡಿದಂತಾದಾಗ ಅಜೀರ್ಣವೆಂದು ಸುಮ್ಮನಿರದೆ ತಾಲ್ಲೂಕು ಆಸ್ಪತ್ರೆಗೆ ಧಾವಿಸಬೇಕು. ಅಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ನೋಡಿ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡಿಸುವ ವ್ಯವಸ್ಥೆಗೆಂದೇ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ರೂಪುಗೊಂಡಿತು.

ಕೊನೆಯದಾಗಿ, ಕಠಿಣವಾದೊಂದು ಮಾತು. ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳಿಗೆ ಮರಣೋತ್ತರ ಪರೀಕ್ಷೆಯನ್ನು ಕಡ್ಡಾಯಗೊಳಿಸುವುದಾಗಿ 2025ರ ಜುಲೈಯಲ್ಲಿ ಸರಕಾರ ಪ್ರಕಟಿಸಿತು. ಅಳುತ್ತಿರುವ ತಾಯಿಯ ಮುಂದೆ ಈ ಮಾತನ್ನೆತ್ತುವುದು ಎಷ್ಟು ಕಷ್ಟವೆಂದು ಶವಸಂಸ್ಕಾರಕ್ಕೆ ಹೋಗುವ ನಮಗೆ ತಿಳಿಯದ ವಿಷಯವಲ್ಲ. ದೇಹವನ್ನು ಕೊಯ್ಯುವುದು ಅಗೌರವವೆಂದು ಭಾವಿಸುವವರುಂಟು. ಆದರೆ ಕಾನೂನಿನ ವಿಚಾರಣೆಗಾಗಿ ಅಥವಾ ವಿಜ್ಞಾನದ ಸಂಶೋಧನೆಗಾಗಿ ಮರಣೋತ್ತರ ಪರೀಕ್ಷೆ ನಡೆಸಲು ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಅನುಮತಿಸುತ್ತದೆ. ಅಣ್ಣನ ಹೃದಯದಲ್ಲಿ ಕಂಡ ದೋಷ ತಮ್ಮನಲ್ಲೂ ಇರಬಹುದು. ಅದು ಮೊದಲೇ ತಿಳಿದರೆ ತಮ್ಮ ಬದುಕಿಯಾನು.

ಸತ್ತವರಿಗೆ ನಾವು ಸಲ್ಲಿಸಬೇಕಾದ ಋಣಗಳಲ್ಲಿ ಸತ್ಯವೂ ಒಂದು. ಆ ಋಣವನ್ನು ತೀರಿಸಿದ ಮನೆ, ತನಗರಿವಿಲ್ಲದೆಯೇ ನೆರೆಮನೆಯ ದೀಪವನ್ನು ಕಾಯುತ್ತದೆ.